ಮಾಳಿಗೆಯ ಮೇಲಿನ ತಂಪು

ಮಳೆ ಬಿದ್ದಾಗ ಏಳುವ ಮಣ್ಣಿನ ವಾಸನೆಗೆ ಎಲ್ಲರೂ ಮೂಗರಳಿಸಿ ನಿಲ್ಲುತ್ತಾರೆ. ನಾನು ಮಾತ್ರ ಆ ವಾಸನೆ ಬಂದರೆ ತಲೆ ಎತ್ತಿ ಮೊದಲು ಸೂರು ನೋಡುತ್ತೇನೆ. ಮೊನ್ನೆ ಮಡಕಶಿರಾ ಬಸ್‌ಸ್ಟ್ಯಾಂಡಿನಲ್ಲೂ ಹಾಗೇ ಆಯಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಯಾಕಮ್ಮ, ಸೋರ್ತೈತಾ?" ಎಂದು ತಾನೂ ಮೇಲೆ ನೋಡಿದಳು. ಸೋರುತ್ತಿರಲಿಲ್ಲ. ಆದರೂ ಬಸ್ಸು ಬರುವ ತನಕ ನಾನು ಹೊರಗೇ ನೆನೆಯುತ್ತ ನಿಂತಿದ್ದೆ. ರಾಯದುರ್ಗದ ಆ ಒಂದು ವರ್ಷ ನನ್ನನ್ನು ಇನ್ನೂ ಬಿಟ್ಟಿಲ್ಲ.

ನಮ್ಮದು ಅಮರಾಪುರದ ಹತ್ತಿರದ ಹಳ್ಳಿ. ಮನೆಯಲ್ಲಿ ಹಿಪ್ಪುನೇರಳೆ ಬೆಳೆ, ರೇಷ್ಮೆ ಹುಳು. ಕಟ್ಟಡಕ್ಕೂ ಮೈಕಾವು ಇರುತ್ತದೆ ಎಂದು ನಾನು ಕಲಿತದ್ದು ಹುಳು ಸಾಕುವ ಮನೆಯಲ್ಲಿ. ಹುಳು ಸೆಕೆ ತಡೆಯುವುದಿಲ್ಲ. ಬೇಸಿಗೆ ಬಂತೆಂದರೆ ಅಪ್ಪ ಸೂರಿನ ಮೇಲೆ ತೆಂಗಿನ ಗರಿ ಹೊದಿಸಿ, ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟಿ, ಜ್ವರದ ಮಗುವಿನ ಹಣೆ ಮುಟ್ಟಿದ ಹಾಗೆ ಗೋಡೆ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಆಮೇಲೆ ನಾನು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ಓದಿದೆ. ಕಟ್ಟಡಗಳಲ್ಲಿ ಕರೆಂಟು ಪೋಲಾಗದಂತೆ ನೋಡಿಕೊಳ್ಳುವ ತರಬೇತಿಯನ್ನೂ ಮುಗಿಸಿದೆ. ಮೊದಲ ಕೆಲಸ ಸಿಕ್ಕಿದ್ದು ರಾಯದುರ್ಗದ ಓಬಳೇಶಪ್ಪನವರ ಹತ್ತಿರ. ಅವರದು ಜೀನ್ಸ್ ಪ್ಯಾಂಟು ಹೊಲಿಯುವ ಯೂನಿಟ್ಟು.

ಯೂನಿಟ್ಟು ಅಂದರೆ ಅವರ ಅಪ್ಪನ ಕಾಲದ ಮನೆಯೇ. ಬೆಟ್ಟದ ಬುಡದ ಓಣಿಯಲ್ಲಿ ಕಲ್ಲಿನ ಗೋಡೆಯ, ಮಣ್ಣಿನ ಮಾಳಿಗೆಯ ದೊಡ್ಡ ಮನೆ. ನಡುಮನೆಯ ಒಳಗೋಡೆಗಳನ್ನು ತೆಗೆಸಿ ಹಾಲ್ ಮಾಡಿ, ಸಾಲಾಗಿ ಮಿಷನ್ನು ಹಾಕಿದ್ದರು. ಪಕ್ಕದ ಸಣ್ಣ ಕೋಣೆಯಲ್ಲಿ ಅವರ ತಾಯಿ ತಿಪ್ಪಮ್ಮಜ್ಜಿ, ಹಿಂದಿನ ಕೋಣೆಗಳಲ್ಲಿ ಅವರ ಸಂಸಾರ, ಹಿತ್ತಲ ಕೋಣೆ ನನಗೆ. ಓಬಳೇಶಪ್ಪ ಕೆಟ್ಟ ಮನುಷ್ಯರಲ್ಲ. ಹೊಲಿಯುವ ಹೆಂಗಸರಿಗೆ ವಾರದ ಕೂಲಿ ಎಂದೂ ತಡ ಮಾಡಿದವರಲ್ಲ. ಆದರೆ ಖಾಲಿ ಕೋಣೆಯಲ್ಲಿ ದೀಪ ಉರಿಯುವುದನ್ನು ಕಂಡರೆ ಅವರಿಗೆ ಮೈಮೇಲೆ ಕೆಂಡ ಬಿದ್ದಂತೆ. ಉಣ್ಣುತ್ತಿದ್ದವರು ಎಂಜಲು ಕೈಯಲ್ಲೇ ಎದ್ದು ಹೋಗಿ ಮೊಣಕೈಯಿಂದ ಸ್ವಿಚ್ಚು ಒತ್ತಿ ಬರುತ್ತಿದ್ದರು. ಕರೆಂಟು ಹೋದರೆ ಊರೆಲ್ಲ ಬೈಯುವಾಗ ಸಮಾಧಾನದ ಉಸಿರು ಬಿಡುತ್ತಿದ್ದವರು ಅವರೊಬ್ಬರೇ.

"ಬಿಲ್ಲು ನೋಡಿದ್ರ ನಿದ್ದಿ ಹತ್ತಂಗಿಲ್ರಿ ಮೇಡಮ್ಮಾರ. ಎಲ್ಲಾ ಆರಿಸ್ತೀನಿ, ಆದ್ರೂ ಏರ್ತದ. ಎಲ್ಲಿಂದ ಸೋರ್ತದ ಹುಡುಕಿ ಕೊಡ್ರಿ," ಎಂದರು ಮೊದಲ ದಿನವೇ.

ಹುಡುಕುವುದು ದೊಡ್ಡ ವಿದ್ಯೆಯೇನಲ್ಲ. ಮನೆಗೆ ಬರುವ ಕರೆಂಟು ಎಲ್ಲೆಲ್ಲಿಗೆ ಹೋಗುತ್ತದೆ ಎಂದು ಮೊದಲು ತಿಳಿಯಬೇಕು. ಆಮೇಲೆ ಸುಮ್ಮನೆ ಹೋಗುವುದನ್ನು ನಿಲ್ಲಿಸಬೇಕು. ಹೊರಗಿನ ಬಿಸಿ ಒಳಗೆ ಬರದಂತೆ, ಒಳಗೇ ಬಿಸಿ ಹುಟ್ಟದಂತೆ ನೋಡಿಕೊಳ್ಳಬೇಕು. ಇಷ್ಟೆಲ್ಲ ಆದಮೇಲೆ ಕೂಲರೋ ಏಸಿಯೋ ಬೇಕಾದರೆ ಕೊಳ್ಳಬೇಕು. ಜನ ಸಾಮಾನ್ಯವಾಗಿ ಕೊನೆಯದನ್ನು ಮೊದಲು ಮಾಡುತ್ತಾರೆ. ಓಬಳೇಶಪ್ಪ ಮಾಡಿದ್ದೂ ಅದನ್ನೇ. ಹಾಲಿನ ನಾಲ್ಕು ಮೂಲೆಗೂ ಕೂಲರು ಇಟ್ಟು, ಅದೇ ಹಾಲಿನಲ್ಲಿ ಇಸ್ತ್ರಿಗೆ ಆವಿ ಕೊಡುವ ಬಾಯ್ಲರನ್ನೂ ಕೂರಿಸಿದ್ದರು. ಒಂದು ಕಡೆ ಒಲೆ ಹೊತ್ತಿಸಿ ಇನ್ನೊಂದು ಕಡೆ ಬೀಸಣಿಗೆ ಬೀಸಿದ ಹಾಗೆ.

ಬಾಯ್ಲರನ್ನು ಹಿತ್ತಲಿನ ಚಪ್ಪರಕ್ಕೆ ಸಾಗಿಸಿದೆವು. ಮೇಲೆ ಉರಿಯುತ್ತಿದ್ದ ಟ್ಯೂಬುಗಳನ್ನು ಕಡಿಮೆ ಮಾಡಿ, ಪ್ರತಿ ಮಿಷನ್ನಿನ ಸೂಜಿಯ ಹತ್ತಿರ ಸಣ್ಣ ಎಲ್‌ಇಡಿ ಹಾಕಿದೆವು. ಇನ್ನು ಮೋಟಾರು. ಅವರ ಹಳೆಯ ಮಿಷನ್ನುಗಳ ಮೋಟಾರು ಹೊಲಿದರೂ ತಿರುಗುತ್ತಿತ್ತು, ಹೊಲಿಯದಿದ್ದರೂ ತಿರುಗುತ್ತಿತ್ತು. ಬದಲಾಗಿ ಪೆಡಲ್ ತುಳಿದಾಗ ಮಾತ್ರ ತಿರುಗುವ ಸರ್ವೋ ಮೋಟಾರುಗಳನ್ನು ಒಂದೊಂದಾಗಿ ಹಾಕಿಸೋಣ ಎಂದೆ. ಓಬಳೇಶಪ್ಪ ಲೆಕ್ಕ ಹಾಕಿ ಒಪ್ಪಿದರು. ಆ ಹಾಲಿನ ಹಿರಿಯ ಕೈ ಹುಲಿಗೆಮ್ಮ. ಸೊಂಟಪಟ್ಟಿ ಹೊಲಿಯುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ, ಬಾಯಲ್ಲಂತೂ ಇರಲೇ ಇಲ್ಲ. "ಮೇಡಮ್ಮಾರ, ಮಿಷನ್ನು ಕೆಲಸ ಇಲ್ಲದಾಗ ಸುಮ್ನಿರೂದು ಕಲಿತಾವು. ನಮ್ಮ ಮನಿ ಗಂಡಸ್ರಿಗೂ ಒಂದು ಹಿಂಥ ಮೋಟಾರು ಕೂಡಸ್ರಿ," ಎಂದು ಹಾಲನ್ನೆಲ್ಲ ನಗಿಸಿದಳು.

ಬೇಸಿಗೆ ಏರಿದಾಗ ನಗು ಇಳಿಯಿತು. ರಾಯದುರ್ಗದ ಬೆಟ್ಟ ಹಗಲೆಲ್ಲ ಬಿಸಿಲು ಕುಡಿದು ಸಂಜೆಗೆ ಊರಿನ ಮೇಲೆ ಉಗುಳುತ್ತದೆ. ಮಾಳಿಗೆ ಕಾದು ಕೆಳಗಿನವರ ನೆತ್ತಿಗೆ ಬಿಸಿ ಇಳಿಯುತ್ತಿತ್ತು. "ಬಿಸಿ ಮೇಲಿನಿಂದ ಬರುತ್ತಿದೆ. ಮಾಳಿಗೆಗೆ ಸುಣ್ಣ ಹೊಡೆಸಿ, ಬಿಸಿಲು ವಾಪಸು ಹೋಗುತ್ತದೆ," ಎಂದೆ. ಓಬಳೇಶಪ್ಪ ನಕ್ಕರು. "ಸುಣ್ಣ ಯಾಕ್ರಿ? ನಮ್ಮ ಕಡಿ ಮದ್ದು ನಮಗ ಗೊತ್ತೈತಿ."

ಆ ಮದ್ದು ಚೌಳು ಮಣ್ಣು. ನೀರು ಇಳಿಯಗೊಡದ ಬಿಳಿಚು ಮಣ್ಣು ಅದು. ಮಾಳಿಗೆ ಮನೆಯವರು ಪ್ರತಿ ವರ್ಷ ಮಳೆಗಾಲದ ಮುಂಚೆ ಅದನ್ನು ತೆಳುವಾಗಿ ಹರಡಿ ಬಡಿಯುತ್ತಾರೆ. ಉಳಿದ ಮನೆಗಳಲ್ಲಿ ಹಳೆಯ ಪದರವನ್ನು ಕೆರೆದು ಇಳಿಸಿ ಹೊಸದು ಹಾಕುತ್ತಾರೆ. ಓಬಳೇಶಪ್ಪನವರ ಮನೆತನದಲ್ಲಿ ಮಾತ್ರ ಬೇರೆ ಪದ್ಧತಿ. ಮನೆಯ ಹಿರಿಯರು ಬದುಕಿರುವ ತನಕ ಮಾಳಿಗೆಯ ಮಣ್ಣು ಇಳಿಸುವಂತಿಲ್ಲ. ಇಳಿಸಿದರೆ ಅವರ ತಲೆ ಮೇಲಿನ ನೆರಳನ್ನು ಕಿತ್ತಂತೆ. ಹಿರಿಯರು ತೀರಿಕೊಂಡು, ಹೆಣ ಹೊರಗೆ ತಂದಮೇಲೆ, ಹಿರಿಯ ಮಗ ಮೊದಲ ಸಲಿಕೆ ಹಾಕಿ ಹಳೆ ಮಣ್ಣು ಇಳಿಸಬೇಕು. ಓಬಳೇಶಪ್ಪನವರ ತಂದೆ ಹೋದಾಗ ಇಳಿಸಿದ್ದೇ ಕೊನೆ. ಆಗ ಓಬಳೇಶಪ್ಪನವರಿಗೆ ಮೀಸೆ ಬಂದಿರಲಿಲ್ಲ, ಈಗ ತಲೆ ನರೆತಿದೆ. ತಿಪ್ಪಮ್ಮಜ್ಜಿ ಗಟ್ಟಿ ಜೀವ. ಅಷ್ಟೂ ವರ್ಷಗಳ ಮಣ್ಣು ಮಾಳಿಗೆಯ ಮೇಲೇ ಇತ್ತು.

ಆ ಬೇಸಿಗೆ ಅವರು ತೆಳುವಾಗಿ ಹರಡಲಿಲ್ಲ. ಟ್ರ್ಯಾಕ್ಟರು ದಿನವಿಡೀ ಬಂದು ಹೋಗಿ ಮಾಡಿತು. ಹೆಚ್ಚು ಮಣ್ಣು ಅಂದರೆ ಹೆಚ್ಚು ತಂಪು ಎಂಬುದು ಅವರ ಲೆಕ್ಕ, ಮತ್ತು ಆ ಲೆಕ್ಕ ತಪ್ಪೂ ಆಗಿರಲಿಲ್ಲ. ಥರ್ಮಾಮೀಟರು ಹಿಡಿದು ನೋಡಿದರೆ ಹಾಲು ನಿಜಕ್ಕೂ ತಣ್ಣಗಾಗಿತ್ತು. ಕೂಲರುಗಳಲ್ಲಿ ಎರಡನ್ನು ಆರಿಸಿದರು. ಮಾಳಿಗೆಯಲ್ಲಿ ಗಾಳಿ ಬೆಳಕಿಗೆಂದು ಬಿಟ್ಟಿದ್ದ ಬೆಳಕಿಂಡಿಗಳಿಂದ ಬಿಸಿಲು ಬರುತ್ತದೆಂದು ಅವಕ್ಕೂ ಚಪ್ಪಡಿ ಮುಚ್ಚಿ ಮೇಲೆ ಮಣ್ಣು ಎಳೆದರು. ಬಿಲ್ಲು ಇಳಿಯಿತು. ಅಕ್ಕಪಕ್ಕದ ಯೂನಿಟ್ಟಿನವರು ಬಂದು ಹಾಲಿನ ನಡುವೆ ನಿಂತು, ಗುಡಿಯಲ್ಲಿ ನಿಂತ ಹಾಗೆ ಸುಮ್ಮನೆ ತಂಪು ಅನುಭವಿಸಿ ಹೋಗುತ್ತಿದ್ದರು.

ಒಂದು ಸಂಜೆ ಬಟ್ಟೆ ಒಣಗಿಸಲು ಮಾಳಿಗೆ ಹತ್ತಿದೆ. ನಾನು ಬಂದ ಹೊಸದರಲ್ಲಿ ಅಂಚಿನ ಕಟ್ಟುಗೋಡೆ ನನ್ನ ಸೊಂಟಕ್ಕೆ ಬರುತ್ತಿತ್ತು. ಈಗ ಅದು ಮೊಣಕಾಲಿಗೂ ಬರುತ್ತಿರಲಿಲ್ಲ. ಗೋಡೆ ಕುಸಿದಿದೆಯೇ ಎಂದು ಒಂದು ಕ್ಷಣ ನೋಡಿದೆ; ಗೋಡೆ ಇದ್ದಲ್ಲೇ ಇತ್ತು, ನಾನೇ ಮೇಲೆ ನಿಂತಿದ್ದೆ. ಕಾಲ ಕೆಳಗೆ ಇಷ್ಟೆತ್ತರದ ಮಣ್ಣು, ಅದರ ಕೆಳಗೆ ಮುದಿ ತೊಲೆಗಳು, ಅದರ ಕೆಳಗೆ ಹುಲಿಗೆಮ್ಮ ಮತ್ತು ಉಳಿದ ಹೆಂಗಸರು. ಬಟ್ಟೆ ಒಣಹಾಕದೆ ಬಕೆಟ್ಟು ಹಿಡಿದು ಕೆಳಗಿಳಿದೆ.

ಅವತ್ತು ಅಪ್ಪನಿಗೆ ಫೋನು ಮಾಡಿ ಹೇಳಿದೆ. ಅವರು, "ಹುಳಕ್ಕೆ ತಂಪು ಬೇಕು ಅಂತ ನಾವೂ ಸೂರಿನ ಮ್ಯಾಲೆ ಹೊದಿಸ್ತೀವಿ ಕಣಮ್ಮ. ಆದ್ರೆ ಗರಿ ಹೊದಿಸ್ತೀವಿ, ಮಣ್ಣಲ್ಲ. ಮಳೆ ಬಿದ್ರೆ ಮಣ್ಣು ನೀರು ಕುಡೀತೈತೆ. ನೀನು ಆ ಹಾಲ್ನಾಗೆ ಜಾಸ್ತಿ ಹೊತ್ತು ಕೂತ್ಕೋಬೇಡ," ಎಂದರು. ನಾನು ಕೂರದಿದ್ದರೆ ಆಯಿತೇ? ಉಳಿದವರೆಲ್ಲ ದಿನವಿಡೀ ಅಲ್ಲೇ ಕೂರುವವರು.

ಶ್ರಾವಣದ ಹೊತ್ತಿಗೆ ಎಲ್ಲ ಮಿಷನ್ನುಗಳಿಗೂ ಹೊಸ ಮೋಟಾರು ಬಂದಿತ್ತು. ಮೊದಲೆಲ್ಲ ಹಾಲಿನಲ್ಲಿ ಬೆಳಗಿನಿಂದ ಸಂಜೆವರೆಗೆ ಜೇನುಹುಳದಂಥ ಗುಂಯ್ ಸದ್ದು ತುಂಬಿರುತ್ತಿತ್ತು. ಈಗ ಎಲ್ಲರೂ ಒಮ್ಮೆಲೇ ಪೆಡಲ್ ಬಿಟ್ಟರೆ ಹಾಲು ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ನಮಗೆ ಮೊದಲ ಬಾರಿಗೆ ಆ ಸದ್ದು ಕೇಳಿಸಿತು. ಮೇಲಿನಿಂದ, ಯಾರೋ ಬೆರಳ ಗಂಟು ಮುರಿದ ಹಾಗೆ, ಕಟ್ ಎಂದು. ಎಲ್ಲರೂ ಮೇಲೆ ನೋಡಿದರು. ಮತ್ತೆ ಹೊಲಿಗೆ ಶುರುವಾಯಿತು. ಎಷ್ಟು ಕಾಲದಿಂದ ಆ ತೊಲೆಗಳು ಹಾಗೆ ಸದ್ದು ಮಾಡುತ್ತಿದ್ದವೋ, ಹಳೆಯ ಮೋಟಾರುಗಳ ಗದ್ದಲದಲ್ಲಿ ಯಾರಿಗೆ ಗೊತ್ತು.

ಸದ್ದಿನ ಹಿಂದೆಯೇ ಮಣ್ಣು ಉದುರತೊಡಗಿತು. ಜಂತೆಗಳ ಸಂದಿಯಿಂದ ಜರಡಿ ಹಿಡಿದ ಹಿಟ್ಟಿನ ಹಾಗೆ ಸಣ್ಣಗೆ, ನೀಲಿ ಜೀನ್ಸ್ ಬಟ್ಟೆಯ ಮೇಲೆ ಬಿಳಿಯಾಗಿ. ಹಾಲಿನ ಬಾಗಿಲು ಮೇಲಿನ ಚೌಕಟ್ಟಿಗೆ ತಾಗಿ ಮುಚ್ಚದಾಯಿತು. "ಬಾಗಲಕ್ಕ ಮೈ ಬಂದೈತಿ," ಎಂದಳು ಹುಲಿಗೆಮ್ಮ. ಯಾರೂ ನಗಲಿಲ್ಲ, ಅವಳೂ ಕೂಡ.

ಓಬಳೇಶಪ್ಪನವರಿಗೆ ಚಿಂತೆಯಾಗಿದ್ದು ಬಟ್ಟೆಯದು. ಧೂಳು ಕೂತ ಪ್ಯಾಂಟನ್ನು ಕೊಳ್ಳುವ ಬಳ್ಳಾರಿಯ ವ್ಯಾಪಾರಿಗಳು ವಾಪಸು ಕಳಿಸುತ್ತಾರೆ. ಅದಕ್ಕೆ ಅವರು ತೊಲೆಗಳ ಕೆಳಗೆ ಬಿಳಿ ಪಿವಿಸಿ ಹಾಳೆಗಳ ಸೀಲಿಂಗು ಹೊಡೆಸಿದರು. ಅದರಲ್ಲಿ ಕರೆಂಟಿನ ಲೆಕ್ಕವೂ ಇತ್ತು: ಹಾಲಿನ ಎತ್ತರ ಕಡಿಮೆಯಾದರೆ ಕೂಲರು ತಂಪು ಮಾಡಬೇಕಾದ ಗಾಳಿಯೂ ಕಡಿಮೆ. ಅದನ್ನು ನನ್ನ ಬಾಯಿಂದಲೇ ಕೇಳಿದ್ದರು. ಸೀಲಿಂಗು ಬಂದಮೇಲೆ ಮಣ್ಣು ಬೀಳುವುದು ನಿಂತಿತು. ತೊಲೆ ಕಾಣಿಸುವುದು ನಿಂತಿತು. ಹಾಲು ಬೆಳ್ಳಗೆ ಹೊಸದಾಗಿ ಹೊಳೆಯಿತು. ಹೆಂಗಸರು ಖುಷಿಯಾದರು. ಹುಣ್ಣಿನ ಮೇಲೆ ಒಳ್ಳೆ ಅಂಗಿ ತೊಡಿಸಿದ ಹಾಗೆ ನನಗೆ ಕಂಡಿತು. ಅವತ್ತಿನಿಂದ ನನಗೆ ಆ ಹಾಲಿಗೆ ಕಾಲಿಡಲು ಭಯ.

"ಸಾವ್ಕಾರ್ರೆ, ಮೇಲಿನ ಮಣ್ಣು ಇಳಿಸಿಬಿಡಿ," ಎಂದೆ. "ಸುಣ್ಣ, ಗರಿ, ಏನಾದರೂ ಹೊದಿಸಿ ತಂಪು ಮಾಡಿಕೊಡುತ್ತೇನೆ. ಈ ಭಾರ ಬೇಡ."

ಅವರು ತಾಯಿಯ ಕಡೆ ನೋಡಿ ದನಿ ತಗ್ಗಿಸಿದರು. ತಿಪ್ಪಮ್ಮಜ್ಜಿ ಹಾಲಿನ ಬಾಗಿಲಲ್ಲೇ ಗೋಡೆಗೊರಗಿ ಕೂತು, ಸಣ್ಣ ಕತ್ತರಿಯಿಂದ ಪ್ಯಾಂಟಿನ ಉಳಿಕೆ ದಾರ ಕತ್ತರಿಸುತ್ತಿದ್ದಳು. ಹೊತ್ತು ಹೋಗಲೆಂದು ಅವಳೇ ಕೇಳಿ ಪಡೆದ ಕೆಲಸ ಅದು.

"ನಮ್ಮವ್ವ ಇರೂಮಟ ಅದಾಗಂಗಿಲ್ರಿ. ಮಣ್ಣು ಇಳಿಸಿದ ನಾಳಿಗೇ ಆಕಿಗೇನಾರ ಆದ್ರ? ಊರು ನನ್ನ ಮಕಕ್ಕ ಉಗುಳ್ತದ. ನಾನ ಆಕಿನ್ನ ಕೊಂದಂಗ ಆಗ್ತದ."

"ಹೆಂಗಸರನ್ನಾದರೂ ಬೇರೆ ಕಡೆ ಕೂರಿಸಿ."

"ದೀಪಾವಳಿ ಆರ್ಡರ್ ಐತ್ರಿ. ಎಲ್ಲಿ ಒಯ್ಲಿ ಇಷ್ಟು ಮಿಷನ್ನು? ನಮ್ಮಪ್ಪನ ಕಾಲದಿಂದ ನಿಂತೈತಿ ಮಾಳಿಗಿ. ನಾನೂ, ನನ್ನ ಹೇಣ್ತಿನೂ ಇದರ ಕೆಳಗ ಅದೀವಿ. ನೀವು ಕರೆಂಟಿಂದು ನೋಡ್ರಿ, ಸಾಕು."

ಕತ್ತರಿಯ ಸದ್ದು ನಿಂತಿದ್ದು ನನಗೆ ಗೊತ್ತಾಯಿತು. ಅಜ್ಜಿ ಕೇಳಿಸಿಕೊಂಡಿದ್ದಳು. ಮಗ ಆಚೆ ಹೋದಮೇಲೆ ನನ್ನನ್ನು ಕರೆದು, "ಮ್ಯಾಲ ಎಷ್ಟೈತಿ ಮಣ್ಣು?" ಎಂದಳು. ಮೊಣಕಾಲಿನ ಕೆಳಗೆ ಕೈಯಿಟ್ಟು, ಕಟ್ಟುಗೋಡೆ ಈಗ ಇಷ್ಟೇ ಎಂದು ತೋರಿಸಿದೆ. ಅವಳು ಆ ಕೈಯನ್ನು ನೋಡಿದಳು. "ನಾ ಮದಿವ್ಯಾಗಿ ಬಂದಾಗ ಎದಿಮಟ ಇತ್ತು ಆ ಗ್ವಾಡಿ," ಎಂದಷ್ಟೇ ಹೇಳಿ ಮತ್ತೆ ದಾರ ಕತ್ತರಿಸತೊಡಗಿದಳು.

ದೀಪಾವಳಿಗೆ ಮುಂಚೆ ಸಮುದ್ರದ ಕಡೆ ಎಲ್ಲೋ ತುಫಾನು ಎದ್ದು ನಮ್ಮ ಕಡೆ ಜಡಿಮಳೆ ಹಿಡಿಯಿತು. ನಮ್ಮ ಸೀಮೆಯಲ್ಲಿ ಮಳೆಗೆ ಕಾಯುವುದೇ ಜನರ ಕೆಲಸ. ಬಂದಾಗ ಬೇಡ ಎನ್ನುವವರಿಲ್ಲ. ನಾನು ಮಾತ್ರ ಪ್ರತಿ ಬೆಳಗ್ಗೆ ಎದ್ದು ಬಿಸಿಲನ್ನು ಹುಡುಕುತ್ತಿದ್ದೆ. ಬೆಟ್ಟ ಮೋಡದೊಳಗೆ ಮುಳುಗಿ ಕಾಣದಾಗಿತ್ತು. ಮಾಳಿಗೆಯಿಂದ ಒಂದು ಹನಿಯೂ ಸೋರಲಿಲ್ಲ. ಓಬಳೇಶಪ್ಪ ಅದನ್ನು ಹೆಮ್ಮೆಯಿಂದ ಎಲ್ಲರಿಗೂ ಹೇಳಿದರು. ಬಿದ್ದ ನೀರು ತೂಬಿನಿಂದ ಹೊರಗೂ ಬರುತ್ತಿರಲಿಲ್ಲ. ಕೆಳಗೂ ಇಳಿಯದೆ ಹೊರಗೂ ಹೋಗದೆ ಅದು ಎಲ್ಲಿ ಉಳಿಯುತ್ತಿದೆ ಎಂದು ಯೋಚಿಸುತ್ತ ಹಾಲಿನ ಬಾಗಿಲಲ್ಲಿ ನಿಂತು ಸೀಲಿಂಗನ್ನೇ ನೋಡುತ್ತಿದ್ದೆ. ಹೊರಗೆ ಹಸಿ ಮಣ್ಣಿನ ವಾಸನೆ ಎಲ್ಲ ಕಡೆ ಇತ್ತು. ಆದರೆ ಹಾಲಿನೊಳಗೆ, ಆ ಬಿಳಿ ಸೀಲಿಂಗಿನ ಕೆಳಗೆ, ಅದು ಇನ್ನೂ ಗಾಢವಾಗಿತ್ತು.

ಆ ದಿನ ಬೆಳಗ್ಗೆ ಹೊಲಿಗೆ ಆಗಷ್ಟೇ ಶುರುವಾಗಿತ್ತು. ಎರಡು ಸಲ ಕಟ್ ಕಟ್ ಎಂದಿತು. ತಿಪ್ಪಮ್ಮಜ್ಜಿ ಕತ್ತರಿ ಕೆಳಗಿಟ್ಟು, ಗೋಡೆ ಹಿಡಿದು ಎದ್ದು, "ಹುಲಿಗೀ, ಚಾಪಿ ತಗೊಂಬಾ," ಎಂದು ಹೊರಗೆ ನಡೆದಳು. ಬಾಗಿಲಲ್ಲಿದ್ದ ನಾನೂ ಹಿಂದೆ ಹೋದೆ. ಓಣಿಯ ಆಚೆ, ಮನೆಯ ಎದುರಿನ ಬೇವಿನಕಟ್ಟೆಯ ಮೇಲೆ ಚಾಪೆ ಹಾಸಿಸಿದಳು. ಜಿಟಿಜಿಟಿ ಮಳೆಯಲ್ಲೇ ದಕ್ಷಿಣಕ್ಕೆ ತಲೆ ಮಾಡಿ ಮಲಗಿ, ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ಅಜ್ಜೀ, ಯಾಕ ಹಿಂಗ?" ಹುಲಿಗೆಮ್ಮ ಗಾಬರಿಯಾದಳು.

"ನಾ ಸತ್ತೀನಿ. ಎಲ್ಲಾರಿಗೂ ಹೇಳು. ಹೆಣ ಎತ್ತೂಮಟ ಆ ಮನ್ಯಾಗ ಮಿಷನ್ನು ತಿರಗಬಾರದು, ಒಲಿ ಹತ್ತಬಾರದು."

ಹುಲಿಗೆಮ್ಮ ನನ್ನ ಮುಖ ನೋಡಿದಳು. ಅರ್ಥವಾದದ್ದೇ ಒಳಗೆ ಓಡಿದಳು. "ಅಜ್ಜಿ ಹೋದ್ಳು, ಏಳ್ರೇ, ಎಲ್ಲಾರೂ ಹೊರಗ ಬರ್ರೇ!" ಸಾವಿನ ಮನೆಯಲ್ಲಿ ಕೂತು ಹೊಲಿಯುವವರು ಯಾರು? ಹೆಂಗಸರು ಅರ್ಧ ಹೊಲಿದ ಪ್ಯಾಂಟನ್ನು ಸೂಜಿಯ ಕೆಳಗೇ ಬಿಟ್ಟು ಹೊರಗೆ ಬಂದರು. ಹಿಂದಿನಿಂದ ಓಬಳೇಶಪ್ಪನವರ ಹೆಂಡತಿಯೂ ಅಳುತ್ತ ಬಂದರು. ಕಟ್ಟೆಯ ಸುತ್ತ ನಿಂತು ನೋಡಿದರೆ ಹೆಣದ ಹೊಟ್ಟೆ ಏರಿಳಿಯುತ್ತಿತ್ತು. ಯಾರೋ ಕಿಸಕ್ಕೆಂದರು. ಆದರೆ ಯಾರೂ ವಾಪಸು ಒಳಗೆ ಹೋಗಲಿಲ್ಲ.

ಓಬಳೇಶಪ್ಪ ಸಿಟ್ಟಿನಿಂದ ಬಂದರು. "ಏಳಬೇ. ಮಂದಿ ನೋಡಾಕ ಹತ್ಯಾರ. ಏನಿದು ಹುಚ್ಚು?"

"ಹೆಣ ಮಾತಾಡ್ತದೇನಲೇ?" ಸೆರಗಿನೊಳಗಿಂದ ದನಿ ಬಂತು. "ಹೆಣ ಹೊರಗ ಬಂದೈತಿ. ಸಲಿಕಿ ತಗೊಂಡು ಮ್ಯಾಲ ಹತ್ತು. ಮಣ್ಣು ಇಳಸು."

"ನನ್ನ ಕೈಲೆ ಆಗಂಗಿಲ್ಲಬೇ."

"ಹಂಗಾರ ನಾನೂ ಏಳಂಗಿಲ್ಲ."

ಓಬಳೇಶಪ್ಪನವರ ಕಣ್ಣಲ್ಲಿ ನೀರು ಬಂದಿತ್ತು. ಮಳೆಯ ನೀರಲ್ಲ ಅದು. ಓಣಿಯ ಗಂಡಸರು ಸೇರಿದ್ದರು. ಒಬ್ಬರು ಸಲಿಕೆಯನ್ನೂ ತಂದಿದ್ದರು. ಹಿರಿಯ ಮಗ ಮೊದಲು ಹಾಕದೆ ಬೇರೆಯವರು ಹಾಕುವಂತಿಲ್ಲ. ಓಬಳೇಶಪ್ಪ ಸಲಿಕೆ ಮುಟ್ಟಲಿಲ್ಲ. ತಾಯಿಯ ಮುಖ ನೋಡಲಾರದೆ ಮನೆಯ ಕಡೆ ತಿರುಗಿದರು. ತೆರೆದ ಬಾಗಿಲಿನಾಚೆ ಯಾರೂ ಇಲ್ಲದ ಹಾಲು, ಎಲ್ಲ ಮಿಷನ್ನುಗಳ ದೀಪ ಉರಿಯುತ್ತಿದೆ. ಬೆಳಕಿಂಡಿ ಮುಚ್ಚಿದಮೇಲೆ ಗಾಳಿಗೆಂದು ಹಾಕುತ್ತಿದ್ದ ಕೂಲರುಗಳು ಖಾಲಿ ಕುರ್ಚಿಗಳಿಗೆ ಬೀಸುತ್ತಿವೆ.

ಅವರು ಹೋಗುತ್ತಾರೆಂದು ನನಗೆ ಗೊತ್ತಾಯಿತು. ಹೊರಟೇಬಿಟ್ಟರು.

"ಹೋಗಬೇಡಿ!" ಎಂದು ಕೂಗಿದೆ. ಕಿವಿಗೇ ಹಾಕಿಕೊಳ್ಳಲಿಲ್ಲ. ಸ್ವಿಚ್ ಬೋರ್ಡು ಇದ್ದದ್ದು ಹಾಲಿನ ಆ ತುದಿಯಲ್ಲಿ. ಅವರು ಹೊಸ್ತಿಲು ದಾಟಿ ಮಿಷನ್ನುಗಳ ನಡುವೆ ನಡೆಯುವಾಗ ಮೇಲಿನ ಬಿಳಿ ಸೀಲಿಂಗು ನಡುವಿನಲ್ಲಿ ಬಸುರಿಯ ಹೊಟ್ಟೆಯ ಹಾಗೆ ಕೆಳಗೆ ಉಬ್ಬಿದ್ದನ್ನು ಕಂಡೆ. ಒಳಗೆ ಓಡಿ ಎಳೆತರುವಷ್ಟು ಹೊತ್ತಿರಲಿಲ್ಲ. ಎಳೆದರೆ ಬರುವ ಮನುಷ್ಯರೂ ಅಲ್ಲ. ದೀಪ ಉರಿಯುವ ತನಕ ಅವರು ಹೊರಗೆ ಬರುವುದಿಲ್ಲ. ಬಾಗಿಲ ಪಕ್ಕದ ಹೊರಗೋಡೆಯಲ್ಲಿ ಮೀಟರು ಪೆಟ್ಟಿಗೆ ಇತ್ತು. ಓಡಿಹೋಗಿ ಅದರ ಮುಚ್ಚಳ ತೆಗೆದು ಮೇನ್ ಸ್ವಿಚ್ಚನ್ನು ಕೆಳಗೆಳೆದೆ.

ಹಾಲು ಕತ್ತಲಾಯಿತು. ಕೂಲರುಗಳು ಉಸಿರು ಬಿಟ್ಟು ನಿಂತವು. ಒಳಗಿನಿಂದ ಓಬಳೇಶಪ್ಪನವರ ದನಿ, "ಯಾರದು ಮೇನ್ ತಗದವ್ರು?" ಎಂದಿತು. ಆರಿಸಲು ಇನ್ನೇನೂ ಉಳಿದಿರಲಿಲ್ಲ. ಬೈಯಲೆಂದು ಅವರು ತಿರುಗಿ ಬಂದರು. ಹೊಸ್ತಿಲ ಮೇಲೆ ಒಂದು ಕಾಲಿಟ್ಟಿದ್ದರು. ನಾನು ಅವರ ಅಂಗಿ ಹಿಡಿದು ಓಣಿಗೆ ಎಳೆದೆ.

ದೊಡ್ಡ ಸದ್ದೇನೂ ಆಗಲಿಲ್ಲ. ಲಾರಿಯಿಂದ ಕಡಲೆಕಾಯಿ ಮೂಟೆಗಳನ್ನು ಒಟ್ಟಿಗೇ ಇಳಿಸಿದ ಹಾಗೆ ಧಪ್ಪೆಂದಿತು, ಆಮೇಲೆ ಮರ ಮುರಿಯುವ ಸದ್ದು, ಆಮೇಲೆ ಮತ್ತೆ ಧಪ್. ಬಾಗಿಲಿನಿಂದ ಗಾಳಿ ನುಗ್ಗಿ ಬಂದು ನಮ್ಮ ಮುಖಕ್ಕೆ ಹೊಡೆಯಿತು. ಹಸಿ ಮಣ್ಣಿನ ವಾಸನೆ ಓಣಿಯನ್ನೆಲ್ಲ ತುಂಬಿತು. ಅಂಥ ವಾಸನೆಯನ್ನು ನಾನು ಮತ್ತೆಂದೂ ಕಂಡಿಲ್ಲ. ನೋಡಿದರೆ ಹಾಲು ಇದ್ದ ಜಾಗದಲ್ಲಿ ಬಿಳಿ ಮಣ್ಣಿನ ದಿಬ್ಬ. ಅದರ ಮೇಲೆ ಆಕಾಶ ಕಾಣುತ್ತಿತ್ತು, ಮಳೆ ನೇರವಾಗಿ ಒಳಗೆ ಬೀಳುತ್ತಿತ್ತು. ಒಂದೇ ಒಂದು ಮಿಷನ್ನಿನ ಚಕ್ರ ಮಣ್ಣಿನಿಂದ ಹೊರಗಿತ್ತು. ಹುಲಿಗೆಮ್ಮ ತಾನು ಕೂರುತ್ತಿದ್ದ ಜಾಗವನ್ನು ಕಣ್ಣಲ್ಲೇ ಹುಡುಕುತ್ತಿದ್ದಳು.

ಓಬಳೇಶಪ್ಪ ತೂರಾಡುತ್ತ ಹೋಗಿ ಕಟ್ಟೆಯ ಬಳಿ ಕೂತರು. ತಾಯಿಯ ಕಾಲು ಹಿಡಿದುಕೊಂಡರು. ಅಜ್ಜಿ ಇನ್ನೂ ಮುಖ ಮುಚ್ಚಿಕೊಂಡೇ ಮಲಗಿದ್ದಳು.

"ಒಳಗ ಯಾರಾರ ಇದ್ರೇನು?" ಎಂದು ಕೇಳಿದಳು.

"ಇಲ್ಲಬೇ. ಎಲ್ಲಾರೂ ಹೊರಗ ಅದಾರ."

"ನೀನು?"

"ನಾನೂ."

ಅಜ್ಜಿ ಸೆರಗು ಸರಿಸಿ, ಮಗನ ಮುಖವನ್ನು ಒಂದು ಗಳಿಗೆ ನೋಡಿ, ಕೈ ಚಾಚಿದಳು.

"ಹಂಗಾರ ಎಬ್ಬಸು ನನ್ನ," ಎಂದಳು. "ಥಂಡಿ ಹತ್ತಾಕ ಹತ್ತೈತಿ."